ಎರಡು ಹೆಬ್ಬೆಟ್ಟುಗಳು

ಒಂದೇ ಸಾಲಿನಲ್ಲಿ ಪಕ್ಕಪಕ್ಕದಲ್ಲಿ ಕುಳಿತು ಒಂದೇ ಚಿತ್ರವನ್ನು ನೋಡಿದ ಗಂಡಹೆಂಡಿರು ಚಿತ್ರಮಂದಿರದ ಮೆಟ್ಟಿಲಿಳಿಯುವ ಮೊದಲೇ ವಾದಕ್ಕೆ ತೊಡಗುವುದುಂಟು. ಒಬ್ಬರಿಗೆ ಕಣ್ಣೀರು ತರಿಸಿದ ದೃಶ್ಯ ಇನ್ನೊಬ್ಬರಿಗೆ ಆಕಳಿಕೆ ತರಿಸಿರುತ್ತದೆ. ಬಸ್ಸಿನಲ್ಲಿ ಮುಂದುವರಿದ ಚರ್ಚೆ ಊಟದ ಎಲೆಯ ಮುಂದೆಯೂ ಮುಗಿಯದೆ, ಮಜ್ಜಿಗೆಯ ಹೊತ್ತಿಗೆ ಚಿತ್ರವನ್ನು ಬಿಟ್ಟು ತೌರುಮನೆಯವರ ಅಭಿರುಚಿಯತ್ತ ತಿರುಗುತ್ತದೆ. ಮರುವಾರ ಇಬ್ಬರೂ ಮತ್ತೆ ಜೊತೆಯಾಗಿಯೇ ಚಿತ್ರಕ್ಕೆ ಹೊರಡುತ್ತಾರೆ. ಜಗಳವಾಡಲು ಜೊತೆಯಿಲ್ಲದಿದ್ದರೆ ಚಿತ್ರ ನೋಡಿದ ಸುಖ ಅರ್ಧವೇ ಸರಿ.

ಮನೆಮನೆಯ ಈ ಜಗಳವನ್ನು ಇಬ್ಬರು ಪತ್ರಕರ್ತರು ದೂರದರ್ಶನದ ಪರದೆಯ ಮೇಲೆ ಸುಮಾರು 23 ವರ್ಷಗಳ ಕಾಲ ಆಡಿದರು. ಅಮೆರಿಕದ ಷಿಕಾಗೋ ನಗರದ ಜೀನ್ ಸಿಸ್ಕೆಲ್ ಮತ್ತು ರೋಜರ್ ಈಬರ್ಟ್ ಎಂಬುವರೇ ಆ ಇಬ್ಬರು.

ಸ್ನೇಹ ಬೆಳೆಯಲು ಇವರ ನಡುವೆ ಯಾವ ಕಾರಣವೂ ಇರಲಿಲ್ಲ. 1942ರಲ್ಲಿ ಇಲಿನಾಯ್ ಪ್ರಾಂತದ ಅರ್ಬಾನಾ ಎಂಬ ಊರಿನಲ್ಲಿ ಜನಿಸಿದ ಈಬರ್ಟ್ ವಿದ್ಯುತ್ ಕೆಲಸಗಾರರೊಬ್ಬರ ಏಕಮಾತ್ರ ಪುತ್ರ; ಸ್ಥೂಲ ಶರೀರ, ದುಂಡು ಮುಖ, ದಪ್ಪ ಕನ್ನಡಕ. 1946ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಸಿಸ್ಕೆಲ್ ಹತ್ತು ವರ್ಷ ತುಂಬುವ ಮೊದಲೇ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡು ಬಂಧುಗಳ ಮನೆಯಲ್ಲಿ ಬೆಳೆದವರು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರ ಓದಿದವರು. ನೀಳಕಾಯ, ಹಿಂದೆ ಸರಿಯುತ್ತಿದ್ದ ತಲೆಗೂದಲು. ಈಬರ್ಟ್ 1967ರಲ್ಲಿ 'ಷಿಕಾಗೋ ಸನ್-ಟೈಮ್ಸ್' ಪತ್ರಿಕೆಯ ಚಿತ್ರವಿಮರ್ಶಕರಾದರೆ, ಸಿಸ್ಕೆಲ್ ಎರಡು ವರ್ಷಗಳ ತರುವಾಯ 'ಷಿಕಾಗೋ ಟ್ರಿಬ್ಯೂನ್' ಪತ್ರಿಕೆಯಲ್ಲಿ ಅದೇ ಹುದ್ದೆಗೆ ಬಂದರು. ಪತ್ರಿಕೆಗಳೆರಡೂ ಒಂದೇ ನಗರದ ಓದುಗರಿಗಾಗಿ ಹೋರಾಡುತ್ತಿದ್ದವು. ಒಬ್ಬರಿಗೆ ದೊರೆತ ಸುದ್ದಿ ಇನ್ನೊಬ್ಬರ ಪಾಲಿಗೆ ಸೋಲು. 1975ರಲ್ಲಿ ಈಬರ್ಟರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಚಿತ್ರವಿಮರ್ಶೆಗೆ ಸಂದ ಪ್ರಥಮ ಪುಲಿಟ್ಜರ್ ಅದೇ. ಪರಿಚಯದ ಮೊದಲ ವರ್ಷಗಳಲ್ಲಿ ಇಬ್ಬರಿಗೂ ಪರಸ್ಪರ ಮಾತೇ ಇರಲಿಲ್ಲವೆಂದರೂ ಸಲ್ಲುತ್ತದೆ.

ಅದೇ 1975ರಲ್ಲಿ ಷಿಕಾಗೋದ ಸಾರ್ವಜನಿಕ ದೂರದರ್ಶನ ಕೇಂದ್ರವೊಂದು ಈ ಪ್ರತಿಸ್ಪರ್ಧಿಗಳಿಬ್ಬರನ್ನೂ ಒಂದೇ ಕಾರ್ಯಕ್ರಮಕ್ಕೆ ಕರೆಯಿತು. ಇಬ್ಬರಿಗೂ ಮನಸ್ಸಿರಲಿಲ್ಲ, ಇಬ್ಬರೂ ಒಪ್ಪಿದರು. ತಿಂಗಳಿಗೊಮ್ಮೆ ಬರುತ್ತಿದ್ದ ಆ ಸ್ಥಳೀಯ ಕಾರ್ಯಕ್ರಮ ಕೆಲವೇ ವರ್ಷಗಳಲ್ಲಿ ದೇಶವ್ಯಾಪಿಯಾಯಿತು. 1982ರಲ್ಲಿ ಅವರು ಸಾರ್ವಜನಿಕ ದೂರದರ್ಶನವನ್ನು ಬಿಟ್ಟು ವಾಣಿಜ್ಯ ಪ್ರಸಾರಕ್ಕೆ ಹೋದರು. 1986ರಲ್ಲಿ ಡಿಸ್ನಿ ಸಂಸ್ಥೆಯ ಆಶ್ರಯಕ್ಕೆ ಬಂದರು. ಯಾರ ಹೆಸರು ಮೊದಲು ಬರಬೇಕೆಂಬುದೂ ಅವರಿಗೆ ಸಣ್ಣ ವಿಷಯವಾಗಿರಲಿಲ್ಲ. ಕಡೆಗೆ ನಾಣ್ಯವನ್ನು ಚಿಮ್ಮಿ ನಿರ್ಧರಿಸಬೇಕಾಯಿತು. ಗೆದ್ದವರು ಸಿಸ್ಕೆಲ್.

ಕಾರ್ಯಕ್ರಮದ ಏರ್ಪಾಡು ತೀರ ಸರಳ. ಚಿತ್ರಮಂದಿರದ ಬಾಲ್ಕನಿಯಂತೆ ಕಟ್ಟಿದ ರಂಗಸಜ್ಜು. ನಡುವೆ ಓಡಾಡಲು ದಾರಿ. ಅದರ ಆಚೆಗೊಬ್ಬರು, ಈಚೆಗೊಬ್ಬರು. ಹೊಸ ಚಿತ್ರದ ತುಣುಕೊಂದನ್ನು ತೋರಿಸಿ ಒಬ್ಬರು ಅದನ್ನು ಪರಿಚಯಿಸುವರು. ಅಲ್ಲಿಂದಾಚೆಗೆ ಬರೆದಿಟ್ಟ ಮಾತಿಲ್ಲ, ಬಾಯಿಗೆ ಬಂದ ಮಾತೇ. ಅರ್ಧ ಗಂಟೆಯ ಕಡೆಗೆ ತೀರ್ಪು. ಮೊದಲು ಹೌದು, ಅಲ್ಲ ಎನ್ನುತ್ತಿದ್ದವರು 1986ರಿಂದ ಹೆಬ್ಬೆರಳನ್ನು ಮೇಲೆ ಮಾಡಿದರೆ ನೋಡಬಹುದು, ಕೆಳಗೆ ಮಾಡಿದರೆ ಬೇಡ ಎಂಬ ಸಂಕೇತವನ್ನು ಹಿಡಿದರು. ಇಬ್ಬರ ಹೆಬ್ಬೆರಳೂ ಮೇಲೆದ್ದರೆ ಮರುದಿನವೇ ಅದು ಚಿತ್ರದ ಜಾಹೀರಾತಿನಲ್ಲಿ ದಪ್ಪಕ್ಷರಗಳಲ್ಲಿ ಮೆರೆಯುತ್ತಿತ್ತು.

ಕನ್ನಡ ನಾಡಿನಲ್ಲಿ ಹೆಬ್ಬೆಟ್ಟು ಎಂದರೆ ಅಕ್ಷರ ಬಾರದವನ ರುಜು. ವಿದ್ವಾಂಸರು ಇವರ ಮೇಲೆ ಹೊರಿಸಿದ ಆಪಾದನೆಯೂ ಹೆಚ್ಚುಕಡಿಮೆ ಅದೇ. ರಿಚರ್ಡ್ ಕಾರ್ಲಿಸ್ ಎಂಬ ವಿಮರ್ಶಕರು 1990ರಲ್ಲಿ ಒಂದು ಲೇಖನ ಬರೆದು, ಚಿತ್ರವಿಮರ್ಶೆಯ ಗಾಂಭೀರ್ಯಕ್ಕೆ ಇಂಥ ಪದ್ಧತಿಯಿಂದ ಕುಂದು ಬಂದಿದೆಯೆಂದು ಮರುಗಿದರು. ಈಬರ್ಟ್ ಅದೇ ಪತ್ರಿಕೆಯಲ್ಲಿ ಉತ್ತರಿಸಿದರು. ವಿವರವಾದ ವಿಮರ್ಶೆಯನ್ನು ಇಬ್ಬರೂ ತಮ್ಮ ತಮ್ಮ ಪತ್ರಿಕೆಗಳಲ್ಲಿ ಬರೆಯುತ್ತಲೇ ಇದ್ದರು. ಆದರೂ ಆಕ್ಷೇಪ ಪೂರ್ತಿ ಸುಳ್ಳೆನ್ನುವಂತಿಲ್ಲ. ಮೇಲೂ ಅಲ್ಲದ ಕೆಳಗೂ ಅಲ್ಲದ ನೂರಾರು ಚಿತ್ರಗಳನ್ನು ಎರಡೇ ತೊಟ್ಟಿಗಳಲ್ಲಿ ಹಂಚುವುದು ನ್ಯಾಯವೇ?

ನ್ಯಾಯವಿದ್ದುದು ಹೆಬ್ಬೆರಳಿನಲ್ಲಲ್ಲ, ಅದಕ್ಕೆ ಮುಂಚಿನ ಮಾತಿನಲ್ಲಿ. 1987ರ ಒಂದು ಸಂಚಿಕೆಯನ್ನೇ ನೋಡಬಹುದು. ಸ್ಟಾನ್ಲಿ ಕೂಬ್ರಿಕ್ ಎಂಬ ಜಗದ್ವಿಖ್ಯಾತ ನಿರ್ದೇಶಕರ ಯುದ್ಧಚಿತ್ರ 'ಫುಲ್ ಮೆಟಲ್ ಜಾಕೆಟ್'ಗೆ ಈಬರ್ಟ್ ಹೆಬ್ಬೆರಳನ್ನು ಕೆಳಗೆ ಮಾಡಿದರು. ಅದೇ ಸಂಚಿಕೆಯಲ್ಲಿ, ಬೆಂಜಿ ಎಂಬ ನಾಯಿಯೊಂದು ಕಾಡಿನಲ್ಲಿ ಅಲೆಯುವ ಮಕ್ಕಳ ಚಿತ್ರಕ್ಕೆ ಮೇಲೆ ಮಾಡಿದರು! ಸಿಸ್ಕೆಲ್ಲರ ಕೋಪ ಪರಿಹಾಸ್ಯಗಳಿಗೆ ಮಿತಿಯಿರಲಿಲ್ಲ. ಮಕ್ಕಳಿಗಾಗಿ ತೆಗೆದ ಚಿತ್ರವನ್ನು ಆ ಜಾತಿಯ ಚಿತ್ರಗಳೊಡನೆ ತೂಗಬೇಕೇ ಹೊರತು ಕೂಬ್ರಿಕ್ಕರ ಚಿತ್ರದೊಡನೆ ಅಲ್ಲವೆಂಬುದು ಈಬರ್ಟರ ವಾದ. ಯಾರು ಗೆದ್ದರೆಂಬುದು ಮುಖ್ಯವಲ್ಲ. ಒಂದು ಕೃತಿಗೆ ಅಂಕ ಕೊಡುವಾಗ ಅದನ್ನು ಯಾವುದರ ಪಕ್ಕದಲ್ಲಿಟ್ಟು ನೋಡಬೇಕೆಂಬ ಗಹನವಾದ ಪ್ರಶ್ನೆ ಅಂದು ಸಾಮಾನ್ಯ ಸಂಸಾರಗಳ ನಡುಮನೆಗೆ ಬಂದು ಕುಳಿತಿತು.

ಇಬ್ಬರೂ ಒಮ್ಮತಕ್ಕೆ ಬಂದಾಗ ಅದರ ಬಲವೂ ಹಿರಿದಾಗಿತ್ತು. 1981ರ 'ಮೈ ಡಿನ್ನರ್ ವಿತ್ ಆಂಡ್ರೆ' ಇಬ್ಬರು ಗೆಳೆಯರು ಊಟದ ಮೇಜಿನ ಮುಂದೆ ಕುಳಿತು ಮಾತನಾಡುವ ಚಿತ್ರ. ಇಂಥದಕ್ಕೆ ಜನ ಬರುವುದುಂಟೆ? ಇವರ ಪ್ರಶಂಸೆ ಜನರನ್ನು ಕರೆತಂದಿತು. 1994ರಲ್ಲಿ 'ಹೂಪ್ ಡ್ರೀಮ್ಸ್' ಎಂಬ ಸಾಕ್ಷ್ಯಚಿತ್ರ ಬಂತು. ಷಿಕಾಗೋದ ಇಬ್ಬರು ಬಡ ಕರಿಯ ಹುಡುಗರು ಬ್ಯಾಸ್ಕೆಟ್‌ಬಾಲ್ ಆಟದಿಂದ ಬಾಳನ್ನು ಹಸನುಗೊಳಿಸಿಕೊಳ್ಳಲು ಹೆಣಗಿದ ಕಥೆ. ಅರ್ಧ ಗಂಟೆಯ ಚಿತ್ರವೆಂದು ಆರಂಭವಾಗಿ, ಐದು ವರ್ಷ ಚಿತ್ರೀಕರಣ ನಡೆದು, ಮೂರು ಗಂಟೆಗೆ ಹತ್ತು ನಿಮಿಷ ಕಡಿಮೆಯ ಚಿತ್ರವಾಗಿ ಮುಗಿದಿತ್ತು. ನಿರ್ದೇಶಕ ಸ್ಟೀವ್ ಜೇಮ್ಸರ ಹೆಸರನ್ನು ಆಗ ಕೇಳಿದವರಿಲ್ಲ. ಸಿಸ್ಕೆಲ್, ಈಬರ್ಟ್ ಇಬ್ಬರೂ ಆ ವರ್ಷದ ಅತ್ಯುತ್ತಮ ಚಿತ್ರ ಅದೇ ಎಂದು ಸಾರಿದರು.

ಬೊಜ್ಜಿನ ಬಗ್ಗೆ ಅವರು ಅಣಕಿಸಿದರೆ ಬೋಳು ತಲೆಯ ಬಗ್ಗೆ ಇವರು. ನೋಡುವವರಿಗೆ ಇದೆಲ್ಲ ನಾಟಕವೆಂದು ತೋರಿದ್ದೀತು, ನಾಟಕವಾಗಿರಲಿಲ್ಲ. ಆದರೆ ವಾರವಾರವೂ ಮುಖಕ್ಕೆ ಮುಖ ಕೊಟ್ಟು ಸತ್ಯ ನುಡಿಯುವವರ ನಡುವೆ ಒಂದು ಬಗೆಯ ಬಾಂಧವ್ಯ ಬೆಳೆಯುವುದನ್ನು ಯಾರೂ ತಡೆಯಲಾರರು. ಅಣ್ಣತಮ್ಮಂದಿರಿಲ್ಲದ ಈಬರ್ಟರು ಸಿಸ್ಕೆಲ್ಲರನ್ನು ಕಡೆಗೆ ಸೋದರನಂತೆ ಭಾವಿಸಿದರು.

ಎಲ್ಲವನ್ನೂ ಬಾಯಿಬಿಟ್ಟು ಆಡುತ್ತಿದ್ದ ಈ ಇಬ್ಬರ ನಡುವೆ ಒಂದು ಮಾತು ಮಾತ್ರ ಆಡದೆ ಉಳಿಯಿತು. 1998ರ ಮೇ ತಿಂಗಳಲ್ಲಿ ಸಿಸ್ಕೆಲ್ಲರ ಮಿದುಳಿನಲ್ಲಿ ಬೆಳೆದಿದ್ದ ಗಂತಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಆಸ್ಪತ್ರೆಯಿಂದ ದೂರವಾಣಿಯ ಮೂಲಕ ಕಾರ್ಯಕ್ರಮದಲ್ಲಿ ಮಾತನಾಡಿದರು. ಚೇತರಿಸಿಕೊಂಡು ಬಾಲ್ಕನಿಯ ತಮ್ಮ ಆಸನಕ್ಕೆ ಮರಳಿದರು. ರೋಗದ ನಿಜವಾದ ತೀವ್ರತೆಯನ್ನು ಮಾತ್ರ ಮನೆಯ ಒಂದಿಬ್ಬರ ಹೊರತು ಯಾರಿಗೂ ತಿಳಿಯಗೊಡಲಿಲ್ಲ. ಪಕ್ಕದಲ್ಲಿ ಕುಳಿತ ಈಬರ್ಟರಿಗೂ ತಿಳಿಸಲಿಲ್ಲ. 1999ರ ಫೆಬ್ರವರಿ ಆರಂಭದಲ್ಲಿ ಸ್ವಲ್ಪ ಕಾಲ ರಜೆ ಪಡೆಯುವುದಾಗಿ ಪ್ರಕಟಿಸಿದರು. ರೋಜರ್ ತನಗಿಂತ ಹೆಚ್ಚು ಕಾಲ ಪರದೆಯ ಮೇಲೆ ಮೆರೆಯಬಾರದಲ್ಲ, ಅದಕ್ಕಾಗಿ ಬೇಗ ಗುಣವಾಗುವೆ ಎಂದು ವಿನೋದವನ್ನೂ ಆಡಿದರು. ಫೆಬ್ರವರಿ 20ರಂದು ತೀರಿಕೊಂಡರು. ಆಗ ಅವರಿಗೆ 53 ವರ್ಷ.

ಈಬರ್ಟರಿಗೆ ಸಾವಿನಷ್ಟೇ ನೋವು ತಂದುದು ಆ ಮೌನ. ಗೆಳೆಯನ ನಿರ್ಧಾರವನ್ನು ಅವರು ಗೌರವಿಸಿದರು. ಆದರೆ ತಮಗೆ ಅಂಥ ಕಾಲ ಬಂದರೆ ಏನನ್ನೂ ಮುಚ್ಚಿಡುವುದಿಲ್ಲವೆಂದು ನಿಶ್ಚಯಿಸಿಕೊಂಡರು.

ಅಂಥ ಕಾಲ ಬಂದೇ ಬಂತು. 2002ರಲ್ಲಿ ಥೈರಾಯಿಡ್ ಗ್ರಂಥಿಯ ಕ್ಯಾನ್ಸರ್ ಕಾಣಿಸಿಕೊಂಡಿತು. 2006ರ ಶಸ್ತ್ರಚಿಕಿತ್ಸೆಗಳ ತರುವಾಯ ಕೆಳದವಡೆ ಹೋಯಿತು, ಊಟ ಹೋಯಿತು, ಮಾತೂ ಹೋಯಿತು. ವಾದದಿಂದಲೇ ಹೆಸರಾದ ಬಾಯಿ ಶಾಶ್ವತವಾಗಿ ನಿಂತಿತು. ಈಬರ್ಟ್ ಮರೆಯಾಗಲಿಲ್ಲ. ವಿರೂಪಗೊಂಡ ಮುಖದ ಭಾವಚಿತ್ರವನ್ನು 2010ರಲ್ಲಿ ಪತ್ರಿಕೆಯಲ್ಲಿ ಅಚ್ಚಾಗಗೊಟ್ಟರು. 2012ನೆಯ ಒಂದೇ ವರ್ಷದಲ್ಲಿ 306 ಚಿತ್ರಗಳ ವಿಮರ್ಶೆ ಬರೆದರು. ಅವರ ಜೀವನವನ್ನು ಚಿತ್ರಿಸಲು ಸ್ಟೀವ್ ಜೇಮ್ಸರು ಬಂದಾಗ, ಆಸ್ಪತ್ರೆಯ ಕೋಣೆಯೊಳಗೂ ಕ್ಯಾಮೆರಾ ಬರಲೆಂದರು. ನೋಡಲು ಕಷ್ಟವಾಗುವ ಶುಶ್ರೂಷೆಯನ್ನೂ ಬಿಡದೆ ತೋರಿಸಬೇಕೆಂದರು. ಯಾರ ಚಿತ್ರದ ಪರವಾಗಿ ಇಬ್ಬರೂ ಒಂದೇ ದನಿಯಲ್ಲಿ ವಾದಿಸಿದ್ದರೋ ಆ ನಿರ್ದೇಶಕರೇ ಈ ಕೆಲಸಕ್ಕೆ ಒದಗಿದ್ದರು.

2013ರ ಏಪ್ರಿಲ್ 2ರಂದು ಈಬರ್ಟ್ ಕಡೆಯ ಲೇಖನವನ್ನು ಪ್ರಕಟಿಸಿದರು. ಕ್ಯಾನ್ಸರ್ ಮರಳಿದೆ, ಕೆಲಸ ಕಡಿಮೆ ಮಾಡುತ್ತೇನೆ, ಆದರೆ ಬಿಟ್ಟು ಹೋಗುವುದಿಲ್ಲ ಎಂಬುದು ಅದರ ಸಾರಾಂಶ. ಅದಕ್ಕೆ ಅವರಿಟ್ಟ ಹೆಸರಿನ ಅರ್ಥ 'ಹಾಜರಿಯ ರಜೆ'. ಏಪ್ರಿಲ್ 4ರಂದು, 70ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದರು.

ಜೇಮ್ಸರ ಚಿತ್ರ 'ಲೈಫ್ ಇಟ್ಸೆಲ್ಫ್' 2014ರಲ್ಲಿ ತೆರೆಗೆ ಬಂತು. ಅದರಲ್ಲಿ ಆಸ್ಪತ್ರೆಯ ಕೋಣೆಯೂ ಇದೆ, ಹಳೆಯ ಬಾಲ್ಕನಿಯೂ ಇದೆ. ಪ್ರಸಾರವಾಗದೆ ಉಳಿದಿದ್ದ ತುಣುಕುಗಳಲ್ಲಿ ಯೌವನ ಮಾಸದ ಇಬ್ಬರು ಗಂಡಸರು ಒಬ್ಬರ ಮಾತಿಗೊಬ್ಬರು ಅಡ್ಡ ಬರುತ್ತ, ಒಬ್ಬರನ್ನೊಬ್ಬರು ಕಾಡುತ್ತ ಜಗಳವಾಡುತ್ತಲೇ ಇದ್ದಾರೆ. ಆ ಚಿತ್ರಕ್ಕೆ ಮೇಲೋ ಕೆಳಗೋ ಎಂದು ತೀರ್ಪು ಕೊಡಲು ಮಾತ್ರ ಬಾಲ್ಕನಿಯ ಆಸನಗಳಲ್ಲಿ ಅವರಿಬ್ಬರೂ ಇರಲಿಲ್ಲ.