ಟಿ.ಬಿ. ಡ್ಯಾಂನಲ್ಲಿ ಸೂರ್ಯನ ಖಾತೆ

ಹೊಸಪೇಟೆಯಿಂದ ಟಿ.ಬಿ. ಡ್ಯಾಂ ಐದಾರು ಕಿಲೋಮೀಟರ್. ಹಂಪಿ ನೋಡಲು ಬಂದವರು ಸಂಜೆ ಇಲ್ಲಿಗೂ ಬರುತ್ತಾರೆ. 33 ಗೇಟುಗಳನ್ನು ಎಣಿಸುತ್ತಾರೆ, ಒಗ್ಗರಣೆ-ಮಿರ್ಚಿ ತಿನ್ನುತ್ತಾರೆ, ವೈಕುಂಠ ಗೆಸ್ಟ್ ಹೌಸಿನ ಗುಡ್ಡದಿಂದ ಸೂರ್ಯಾಸ್ತ ನೋಡಿ ಹೋಗುತ್ತಾರೆ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಾನು ಬರುವುದು ಹಗಲಿನಲ್ಲೇ, ಸೂರ್ಯನ ಫೋಟೊ ತೆಗೆಯಲು. ರಜೆಯಿದ್ದರೆ ಏಳನೇ ತರಗತಿಯ ಮೊಮ್ಮಗಳೂ ಜೊತೆಗಿರುತ್ತಾಳೆ.

ಮೊದಲು ಕಣ್ಣಿನ ಮಾತು. ಸೂರ್ಯನನ್ನು ಬರಿಗಣ್ಣಿನಿಂದ ದಿಟ್ಟಿಸಬಾರದು. ಕಣ್ಣಿನೊಳಗಿನ ಅಕ್ಷಿಪಟಲಕ್ಕೆ ನೋವು ತಿಳಿಯುವುದಿಲ್ಲ. ಸುಟ್ಟರೂ ಆ ಕ್ಷಣಕ್ಕೆ ಗೊತ್ತಾಗದು. ಮಸಿ ಹಿಡಿಸಿದ ಗಾಜು, ಎಕ್ಸ್-ರೇ ಫಿಲ್ಮ್, ಸಗಣಿ ನೀರಿನ ಪರಾತ ಯಾವುದೂ ಬೇಡ. ಕ್ಯಾಮೆರಾಕ್ಕೆ ಸೂರ್ಯನಿಗೆಂದೇ ತಯಾರಿಸಿದ ಫಿಲ್ಟರ್ ಬೇಕು. ಅದು ಲೆನ್ಸಿನ ಮುಂದೆ ಇರಬೇಕು. ಪ್ರತಿ ಸಲವೂ ಅದರಲ್ಲಿ ತೂತು, ಗೀರು ಇಲ್ಲವೆಂದು ಪರೀಕ್ಷಿಸಿಯೇ ನಾನು ಚೀಲದಿಂದ ಕ್ಯಾಮೆರಾ ತೆಗೆಯುವುದು.

ನನ್ನದು 300 ಮಿಲಿಮೀಟರ್ ಲೆನ್ಸ್. ಅದರೊಳಗೆ ಸೂರ್ಯನ ಬಿಂಬ 3 ಮಿಲಿಮೀಟರ್ ಕೂಡ ಇರುವುದಿಲ್ಲ. ಆದರೆ ದೊಡ್ಡದು ಮಾಡಿ ನೋಡಿದರೆ ಕೆಲವು ದಿನ ಅದರ ಮೇಲೆ ಮಚ್ಚೆಯಂಥ ಕಪ್ಪು ಚುಕ್ಕೆ ಕಾಣುತ್ತದೆ. ಅದೇ ಸೌರಕಲೆ. ಸುತ್ತಲಿಗಿಂತ ಬಿಸಿ ಕಡಿಮೆ, ಆದ್ದರಿಂದ ಕಪ್ಪಾಗಿ ಕಾಣುತ್ತದೆ. ಸೂರ್ಯನ ಅಗಲಕ್ಕೆ 109 ಭೂಮಿಗಳನ್ನು ಸಾಲಾಗಿ ಇಡಬಹುದು. ಆ ಚುಕ್ಕೆಯೊಳಗೆ ಎಷ್ಟೋ ಸಲ ನಮ್ಮ ಭೂಮಿ ಇಡಿಯಾಗಿ ಹಿಡಿಸುತ್ತದೆ.

ದಿನವೂ ಒಂದೇ ಹೊತ್ತಿಗೆ ಫೋಟೊ ತೆಗೆದರೆ ಕಲೆ ಸರಿಯುತ್ತಿರುವುದು ಗೊತ್ತಾಗುತ್ತದೆ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸುಮಾರು 13 ದಿನ. ಅಂದರೆ ಸೂರ್ಯನೂ ತಿರುಗುತ್ತಾನೆ! ಗೆಲಿಲಿಯೊ 1612ರಲ್ಲಿ ದಿನದಿನವೂ ಚಿತ್ರ ಬರೆದು ಇದನ್ನು ತೋರಿಸಿದ. ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ನೂರು ವರ್ಷಗಳಿಗೂ ಹೆಚ್ಚು ಕಾಲದ ಸೂರ್ಯನ ಚಿತ್ರಗಳ ಸಂಗ್ರಹವಿದೆ.

ನಮ್ಮದು ಒಂದು ಉದ್ದನೆಯ ನೋಟ್‌ಬುಕ್ಕು. ಡ್ಯಾಂಗೆ ಬರಲಾಗದ ದಿನ ಮನೆಯ ಮಾಳಿಗೆಯಿಂದ ನೋಡಿ ತಾರೀಖು, ಹೊತ್ತು, ಕಲೆಗಳ ಸಂಖ್ಯೆ ಬರೆಯುತ್ತೇವೆ. ಒಮ್ಮೆ ಎರಡು ದಿನ ಬಿಡದೆ ಮೋಡ. ‘ಹೇಗೂ ಒಂದೇ ಕಲೆ ಇತ್ತಲ್ಲ ತಾತ, ಒಂದು ಅಂತ ಬರೆದುಬಿಡ್ಲಾ?’ ಎಂದಳು ಮೊಮ್ಮಗಳು. ‘ನೋಡದೇ ಇದ್ದದ್ದನ್ನ ಬರೀಬಾರದಮ್ಮ. ಮೋಡ ಅಂತ ಬರಿ’ ಎಂದೆ. ಮುಖ ಸಣ್ಣದು ಮಾಡಿಕೊಂಡು ಬರೆದಳು. ಮೂರನೆಯ ದಿನ ಬಿಸಿಲು ಬಂತು. ನೋಡಿದರೆ ಮೂರು ಕಲೆ! ಎರಡು ಹೊಸವು ಯಾವ ದಿನ ಹುಟ್ಟಿದವೋ ನಮಗೆ ತಿಳಿಯದು. ನಮ್ಮ ಪುಸ್ತಕವೂ ತಿಳಿದಂತೆ ನಟಿಸಲಿಲ್ಲ.

ಈ ಸೀಮೆಗೂ ಸೂರ್ಯನಿಗೂ ಹಳೆಯ ನಂಟಿದೆ. ಇದೇ ಡ್ಯಾಂನ ಎಡದಂಡೆ ನಾಲೆಯ ಕಡೆ ಸಿಂಧನೂರು ತಾಲ್ಲೂಕಿನ ಜವಳಗೇರಾ ಇದೆ. 1980ರ ಫೆಬ್ರುವರಿ 16ರ ಸಂಪೂರ್ಣ ಸೂರ್ಯಗ್ರಹಣದಂದು ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಅಲ್ಲಿ ಬಿಡಾರ ಹೂಡಿದ್ದರು. ಸೂರ್ಯನ ಸುತ್ತಲಿನ ಪ್ರಭಾವಲಯ, ಅಂದರೆ ಕರೋನಾ, ಕಾಣಸಿಕ್ಕಿದ್ದು ಮೂರು ನಿಮಿಷಕ್ಕೂ ಕಡಿಮೆ. ಈಗ 15 ಲಕ್ಷ ಕಿಲೋಮೀಟರ್ ದೂರದಲ್ಲಿರುವ ನಮ್ಮ ಆದಿತ್ಯ-ಎಲ್1 ನೌಕೆ ಅದನ್ನು ಗ್ರಹಣಕ್ಕೆ ಕಾಯದೆಯೇ ನೋಡುತ್ತದೆ. ಆ ಉಪಕರಣವನ್ನು ರೂಪಿಸಿದ್ದೂ ಅದೇ ಸಂಸ್ಥೆ.

ಕ್ಯಾಮೆರಾ ಇಲ್ಲದಿದ್ದರೂ ಚಿಂತೆಯಿಲ್ಲ. ಚಿಕ್ಕ ಕನ್ನಡಿಗೆ ಕಾಗದ ಅಂಟಿಸಿ, ಕಾಗದದ ನಡುವೆ ಮಾತ್ರ ಅರ್ಧ ಸೆಂಟಿಮೀಟರ್ ತೂತು ಬಿಡಿ. ಬಿಸಿಲಿಗೆ ಹಿಡಿದು 10 ಮೀಟರ್ ದೂರದ ನೆರಳಿನ ಗೋಡೆಗೆ ಬೆಳಕು ಬೀಳಿಸಿ. ಸುಮಾರು 9 ಸೆಂಟಿಮೀಟರಿನ ದುಂಡನೆಯ ಸೂರ್ಯ ಗೋಡೆಯ ಮೇಲೆ! ಗೋಡೆ ನೋಡಿ, ಕನ್ನಡಿಯನ್ನಲ್ಲ. ಬೆಳಕು ಯಾರ ಕಣ್ಣಿಗೂ ಬೀಳದಿರಲಿ. ಡ್ಯಾಂ ಉದ್ಯಾನದ ಮರಗಳ ಕೆಳಗೆ ಬಿದ್ದ ದುಂಡು ಬಿಸಿಲಚುಕ್ಕೆಗಳೂ ಹೀಗೇ, ಎಲೆಗಳ ಸಂದಿನಿಂದ ಮೂಡಿದ ಪುಟ್ಟ ಸೂರ್ಯರು.

2027ರ ಆಗಸ್ಟ್ 2ರಂದು ಹೊತ್ತು ಇಳಿದ ಮೇಲೆ ನಮ್ಮಲ್ಲೂ ಪಾರ್ಶ್ವ ಗ್ರಹಣವಿದೆ. ಆಗ ಆ ಚುಕ್ಕೆಗಳು ಕಚ್ಚಿದ ರೊಟ್ಟಿಯಂತೆ ಕಾಣುತ್ತವೆ. ಅಜ್ಜ ಅಜ್ಜಿಯರೇ, ಅಂದು ಮಕ್ಕಳನ್ನು ಮನೆಯೊಳಗೆ ಕೂಡಿಹಾಕದೆ ಒಂದು ಕನ್ನಡಿ, ಒಂದು ನೋಟ್‌ಬುಕ್ಕು ಕೊಟ್ಟು ಜೊತೆಗೆ ನಿಲ್ಲಿ. ಮಳೆಗಾಲವಾದ್ದರಿಂದ ಮೋಡ ಕವಿಯಲೂಬಹುದು. ಕವಿದರೆ ಮಕ್ಕಳೇ, ‘ಮೋಡ’ ಎಂದೇ ಬರೆಯಿರಿ.