ಖಾಲಿ ಮನೆಯೂ ಸೊನ್ನೆಯೂ ಒಂದೇ ಅಲ್ಲ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನದಿಂದ ನಮ್ಮಂಥ ವಿಜ್ಞಾನದ ಮೇಷ್ಟ್ರುಗಳಿಗೆ ಒಂದು ಹೆಚ್ಚುವರಿ ಕೆಲಸ ಗಂಟುಬೀಳುತ್ತದೆ. ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಕೂಡ ಯಾರಾದರೊಬ್ಬ ತಂದೆ ಪಕ್ಕಕ್ಕೆ ಬಂದು, "ಮೇಷ್ಟ್ರೇ, ಮಗ ಸೈನ್ಸ್ ತಗೋತೀನಿ ಅಂತಾನೆ. ಇಂಜಿನಿಯರಿಂಗ್ ಸಿಗದಿದ್ದರೆ ಮುಂದೇನು?" ಎಂದು ಕೇಳುತ್ತಾರೆ. ಅವರ ಮನಸ್ಸಿನಲ್ಲಿ ವಿಜ್ಞಾನವೆಂದರೆ ಎರಡು ಬಾಗಿಲಿನ ಮನೆ. ಒಂದು ಡಾಕ್ಟರಿಗೆ, ಇನ್ನೊಂದು ಇಂಜಿನಿಯರಿಗೆ. ಎರಡೂ ಮುಚ್ಚಿಕೊಂಡರೆ ಹಿತ್ತಿಲ ಕಡೆಯಿಂದ ಹೊರಬಿದ್ದವನು ನನ್ನ ಹಾಗೆ ಬಿ.ಎಸ್ಸಿ., ಬಿ.ಎಡ್. ಆಗುತ್ತಾನೆ. ಇದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ದನಿ ಇಳಿಸುವುದರಲ್ಲೇ ನನಗೆ ತಿಳಿಯುತ್ತದೆ.

ಅಂಥವರಿಗೆ ನಾನು ಹೇಳುವುದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಸಂಗತಿ. ಹೆಸರು ಬೇಡ, ಆಕೆಗೆ ಅದು ಇಷ್ಟವಾಗದು. ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರ ಮಗಳು. 1999ರಲ್ಲಿ ಎಸ್ಸೆಸ್ಸೆಲ್ಸಿ, 2006ರಲ್ಲಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಬೆಂಗಳೂರಿನಲ್ಲಿ ಔಷಧ ಸಂಶೋಧನೆ ನಡೆಸುವ ಪ್ರಯೋಗಶಾಲೆಯೊಂದಕ್ಕೆ ಸೇರಿದಳು. ಹೊಸ ಸಂಯುಕ್ತಗಳನ್ನು ತಯಾರಿಸುವುದು, ಶುದ್ಧೀಕರಿಸುವುದು, ಅವುಗಳ ಗುಣಗಳನ್ನು ಅಳೆದು ಬರೆದಿಡುವುದು ಕೆಲಸ. ಇನ್ನೆರಡು ವರ್ಷಕ್ಕೆ ಪಿಎಚ್.ಡಿ.ಗೆ ಸೇರುತ್ತಾಳೆಂದು ಮನೆಯವರೆಲ್ಲ ಎಣಿಸಿದ್ದರು.

ಆ ಪ್ರಯೋಗಶಾಲೆಯಲ್ಲಿ ಆಕೆಯನ್ನು ಕಾಡಿದ್ದು ರಸಾಯನಿಕಗಳಲ್ಲ, ಅವುಗಳ ಲೆಕ್ಕ. ಆರೇಳು ಜನ, ಒಬ್ಬೊಬ್ಬರದೂ ಕಂಪ್ಯೂಟರಿನಲ್ಲಿ ಒಂದೊಂದು ಪಟ್ಟಿ. ಒಬ್ಬರು ಎಥನಾಲ್ ಎಂದು ಬರೆದರೆ ಇನ್ನೊಬ್ಬರು ಈಥೈಲ್ ಆಲ್ಕೋಹಾಲ್, ಮತ್ತೊಬ್ಬರು ಅದರ ಸಂಕ್ಷೇಪ. ಎಥನಾಲಿನಲ್ಲಿ ಕರಗಿಸಿದ ಮಾದರಿಗಳೆಷ್ಟು ಎಂದು ಕೇಳಿದರೆ ಯಂತ್ರ ಮೂರರಲ್ಲಿ ಒಂದು ಪಾಲನ್ನಷ್ಟೇ ಎಣಿಸಿ ಕೊಡುತ್ತಿತ್ತು. ಒಮ್ಮೆ ಎರಡು ಬೇರೆ ಬೇರೆ ತಯಾರಿಕೆಯ ಸೀಸೆಗಳಿಗೆ ಒಂದೇ ನಂಬರು ಬಿದ್ದು, ಯಾವ ಫಲಿತಾಂಶ ಯಾವುದಕ್ಕೆ ಸೇರಿದ್ದೆಂದು ಹುಡುಕುವುದರಲ್ಲೇ ಎರಡು ದಿನ ಕಳೆಯಿತಂತೆ. ಸಂಜೆಯ ಹೊತ್ತು ಆಕೆ ಡೇಟಾಬೇಸ್ ಕಲಿಯತೊಡಗಿದ್ದು ಆ ಕಿರಿಕಿರಿಯಿಂದ. ಮೊದಲು ಆಕ್ಸೆಸ್, ಆಮೇಲೆ ಆರಕಲ್. 2008ರಲ್ಲಿ ಪ್ರಯೋಗಶಾಲೆ ಬಿಟ್ಟು, ಔಷಧ ಪ್ರಯೋಗಶಾಲೆಗಳಿಗೇ ತಂತ್ರಾಂಶ ಮಾಡಿಕೊಡುವ ಕಂಪನಿಯೊಂದಕ್ಕೆ ತರಬೇತಿಯ ಹುದ್ದೆಯಲ್ಲಿ ಸೇರಿದಳು.

ಆ ವಾರವೇ ಆಕೆಯ ತಂದೆ ನಮ್ಮ ಮನೆಗೆ ಬಂದರು. ಎಂ.ಎಸ್ಸಿ.ಗೆಂದು ತೆಂಗಿನ ತೋಟದ ಮೇಲೆ ಮಾಡಿದ ಸಾಲ ಇನ್ನೂ ತೀರಿರಲಿಲ್ಲ.

"ನೀವಾದ್ರೂ ಹೇಳಿ ಮೇಷ್ಟ್ರೇ. ಐದು ವರ್ಷ ಕೆಮಿಸ್ಟ್ರಿ ಓದ್ಸಿದ್ದು ಹೊಳೇಲಿ ಹುಣಸೇಹಣ್ಣು ಕಿವುಚಿದಂಗಾಯ್ತಲ್ಲ?"

"ಯಜಮಾನರೇ, ಮಂಡಿಯಲ್ಲಿ ಒಂದೊಂದು ಲಾಟಿಗೂ ನಂಬರು ಯಾಕೆ ಹಾಕ್ತೀರಿ?" ಎಂದೆ.

"ಇನ್ನೇನು, ಹೆಸರು ನೋಡ್ಕೊಂಡು ಗುರುತು ಹಿಡಿಯಕಾಯ್ತದಾ? ಒಂದೇ ಊರಿಂದ ಮೂರು ಜನ ಶಿವಣ್ಣ ಬರ್ತಾರೆ."

"ಎರಡು ಲಾಟಿಗೆ ಒಂದೇ ನಂಬರು ಬಿದ್ದರೆ?"

"ಅವತ್ತು ಲೆಕ್ಕ ಕೂಡಲ್ಲ, ದೀಪ ಹಚ್ಚಿದ್ರೂ ಮನೆಗೆ ಹೋಗಂಗಿಲ್ಲ."

ನಿಮ್ಮ ಮಗಳು ಹಿಡಿದಿರುವುದೂ ಅದೇ ವಿದ್ಯೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಆದ್ರೆ ಅದಕ್ಕೆ ಎಂ.ಎಸ್ಸಿ. ಯಾಕೆ ಬೇಕಿತ್ತು?" ಎಂದರು. ಮಂಡಿಯ ಲೆಕ್ಕದವರನ್ನು ಮಾತಿನಲ್ಲಿ ಮರುಳು ಮಾಡುವುದು ಸುಲಭವಲ್ಲ.

ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟವಳು ಆಕೆಯೇ, ಕೆಲವು ವರ್ಷಗಳ ಮೇಲೆ. ಕಂಪನಿಯಲ್ಲಿ ಒಬ್ಬ ಚುರುಕಾದ ಹುಡುಗ ಸಂಯುಕ್ತಗಳ ಕೋಷ್ಟಕ ರಚಿಸಿದ್ದ. ಕರಗುವ ಬಿಂದುವಿಗೆ ಒಂದು ಅಂಕಣ, ಅದರಲ್ಲಿ ಒಂದು ಅಂಕಿ. ನೋಡಲು ಚೆನ್ನಾಗಿಯೇ ಇತ್ತು. ಆದರೆ ಕರಗುವ ಬಿಂದುವನ್ನು ಕೈಯಾರೆ ಅಳೆದವರಿಗೆ ಗೊತ್ತು, ಅಲ್ಲಿ ಸಿಗುವುದು ಒಂದು ಅಂಕಿಯಲ್ಲ, ಕರಗಲು ಶುರುವಾದ ತಾಪ ಮತ್ತು ಪೂರ್ತಿ ಕರಗಿದ ತಾಪ. ಶುದ್ಧವಾದ ಬೆಂಜೋಯಿಕ್ ಆಮ್ಲ 122 ಡಿಗ್ರಿಯ ಹತ್ತಿರ ಚಕ್ಕನೆ ಕರಗುತ್ತದೆ. ಕಲಬೆರಕೆಯಾಗಿದ್ದರೆ ಅದಕ್ಕೂ ಕೆಳಗೇ ಶುರುವಾಗಿ ಎಳೆದಾಡುತ್ತದೆ. ಎರಡೂ ತಾಪಗಳ ಸರಾಸರಿ ತೆಗೆದು ಒಂದು ಮನೆಯಲ್ಲಿ ಬರೆದರೆ ಶುದ್ಧತೆಯ ಸುಳಿವೇ ಅಳಿಸಿಹೋಗುತ್ತದೆ. ಕೆಲವು ಪದಾರ್ಥಗಳಂತೂ ಕರಗುವ ಮೊದಲೇ ವಿಘಟನೆಗೊಳ್ಳುತ್ತವೆ. ಒಂದು ಅಂಕಣವಿದ್ದಲ್ಲಿ ಮೂರು ಬೇಕೆಂದು ಆಕೆ ಹೇಳಿದಳು. ಕಂಪ್ಯೂಟರ್ ವಿದ್ಯೆಯಲ್ಲಿ ಆ ಹುಡುಗ ಆಕೆಗಿಂತ ಮುಂದಿದ್ದ; ಆದರೆ ಈ ಮೂರು ಅಂಕಣಗಳು ಅವನಿಗೆ ಹೊಳೆಯುವ ದಾರಿಯೇ ಇರಲಿಲ್ಲ.

ಹೀಗೆ ವಿಜ್ಞಾನದಿಂದ ಬಂದು ದತ್ತಾಂಶದ ಕೆಲಸ ಹಿಡಿದವರಲ್ಲಿ ಆಕೆ ಮೊದಲಿಗಳೇನಲ್ಲ. ಇವತ್ತಿನ ಬಹುತೇಕ ಬ್ಯಾಂಕು, ರೈಲ್ವೆ, ಆಸ್ಪತ್ರೆಗಳ ದಾಖಲೆಗಳ ಹಿಂದಿರುವ ಸಂಬಂಧಾತ್ಮಕ ಮಾದರಿಯನ್ನು ಕೊಟ್ಟ ಎಡ್ಗರ್ ಕಾಡ್ ಆಕ್ಸ್‌ಫರ್ಡಿನಲ್ಲಿ ಗಣಿತದ ಜೊತೆ ರಸಾಯನಶಾಸ್ತ್ರ ಓದಿದವರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಪೈಲಟ್. ಐಬಿಎಂನಲ್ಲಿದ್ದಾಗ 1970ರಲ್ಲಿ ಅವರು ಬರೆದ ಪ್ರಬಂಧಕ್ಕೆ ಮುಂಚೆ, ಒಂದು ಮಾಹಿತಿ ಬೇಕೆಂದರೆ ಅದನ್ನು ತಲುಪುವ ದಾರಿಯೂ ಪ್ರೋಗ್ರಾಂ ಬರೆಯುವವನಿಗೆ ಗೊತ್ತಿರಬೇಕಿತ್ತು. ಪುಸ್ತಕ ಬೇಕಾದರೆ ಯಾವ ಬೀರು, ಯಾವ ಸಾಲು, ಎಡದಿಂದ ಎಷ್ಟನೆಯದು ಎಂದೆಲ್ಲ ಹೇಳಬೇಕಾದ ಲೈಬ್ರರಿಯ ಹಾಗೆ. ಕಾಡ್ ಎಲ್ಲವನ್ನೂ ಸರಳ ಕೋಷ್ಟಕಗಳಿಗೆ ಇಳಿಸಿದರು. ಏನು ಬೇಕೆಂದು ಕೇಳಿದರೆ ಸಾಕು, ಹೇಗೆ ಹುಡುಕಬೇಕೆಂಬುದು ಯಂತ್ರದ ಪಾಡು. 1981ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು.

ನನಗೆ ಇನ್ನೂ ಹತ್ತಿರವೆನಿಸುವವರು ಅಮೆರಿಕದ ಮಾರ್ಗರೆಟ್ ಡೇಹಾಫ್. ಕ್ವಾಂಟಂ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ವ್ಯಾಪಾರದ ಲೆಕ್ಕಕ್ಕೆಂದು ಇದ್ದ ರಂಧ್ರಕಾರ್ಡಿನ ಯಂತ್ರಗಳನ್ನು ಅಣುಗಳ ಲೆಕ್ಕಕ್ಕೆ ಬಗ್ಗಿಸಿದವರು. ಅದುವರೆಗೆ ತಿಳಿದಿದ್ದ 65 ಪ್ರೋಟೀನುಗಳ ರಚನಾಕ್ರಮಗಳನ್ನು ಒಟ್ಟುಗೂಡಿಸಿ 1965ರಲ್ಲಿ ಅಟ್ಲಾಸ್ ಒಂದನ್ನು ತಂದರು. ಅಮೈನೋ ಆಮ್ಲಗಳಿಗೆ ಒಂದೊಂದು ಅಕ್ಷರದ ಗುರುತು ಕೊಟ್ಟವರೂ ಅವರೇ. ಇಂದು ಪಿಯುಸಿ ಮಕ್ಕಳು ಉರುಹೊಡೆಯುವ ಆ ಅಕ್ಷರಗಳು ಹುಟ್ಟಿದ್ದು ಕಾರ್ಡಿನ ಮೇಲೆ ಜಾಗ ಉಳಿಸಬೇಕಾದ ಅಗತ್ಯದಿಂದ!

ನಮ್ಮ ಹುಡುಗಿ ಆರು ವರ್ಷ ಪ್ರೋಗ್ರಾಂ ಬರೆದ ಮೇಲೆ 2014ರಲ್ಲಿ ಕಂಪನಿಯ ತರಬೇತಿ ವಿಭಾಗಕ್ಕೆ ಹೋದಳು. ಈಗ ಹೊಸದಾಗಿ ಸೇರುವ ಇಂಜಿನಿಯರುಗಳಿಗೆ ಎಸ್‌ಕ್ಯೂಎಲ್ ಕಲಿಸುತ್ತಾಳೆ. ಒಂದು ಸಲ ಆಕೆಯ ಪಾಠ ಕೇಳುವ ಅವಕಾಶ ನನಗೆ ಸಿಕ್ಕಿತು. ಮೊದಲ ಒಂದು ಗಂಟೆ ಯಾರಿಗೂ ಕಂಪ್ಯೂಟರ್ ಮುಟ್ಟಲು ಬಿಡಲಿಲ್ಲ. ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದಳು: ತರಗತಿಯಲ್ಲಿ 40 ಮಕ್ಕಳು, ಪರೀಕ್ಷೆಗೆ ಕುಳಿತವರು 38, ಒಟ್ಟು ಅಂಕ 1900. ಸರಾಸರಿ ಎಷ್ಟು? ಗೈರುಹಾಜರಾದ ಇಬ್ಬರ ಮನೆಯನ್ನು ಖಾಲಿ ಬಿಟ್ಟರೆ 50. ಸೊನ್ನೆ ತುಂಬಿದರೆ 47.5. ಬರೆಯದವನಿಗೂ ಬರೆದು ಸೊನ್ನೆ ತೆಗೆದವನಿಗೂ ವ್ಯತ್ಯಾಸವಿಲ್ಲವೇ ಎಂದು ಕೇಳಿದಳು. ಮೇಷ್ಟ್ರುಗಿರಿಯಲ್ಲಿ ಮೂವತ್ತು ವರ್ಷ ಅಂಕಪಟ್ಟಿ ತುಂಬಿದ ನನಗೆ ಕುರ್ಚಿಯಲ್ಲಿ ನೆಟ್ಟಗೆ ಕೂರುವಂತಾಯಿತು. ಡೇಟಾಬೇಸಿನಲ್ಲಿ ಖಾಲಿ ಮನೆಗೆ ನಲ್ ಎನ್ನುತ್ತಾರೆ. 1985ರಲ್ಲಿ ಕಾಡ್ ಪ್ರಕಟಿಸಿದ ಹೆಸರಾಂತ ನಿಯಮಗಳಲ್ಲಿ ಮೂರನೆಯದು ಇದರ ಬಗ್ಗೆಯೇ ಇದೆ. ಎರಡು ನಲ್‌ಗಳು ಸಮವೇ ಎಂದು ಕೇಳಿದರೆ ಯಂತ್ರ ಹೌದೆನ್ನುವುದಿಲ್ಲ. ಗೈರುಹಾಜರಾದ ಇಬ್ಬರೂ ಒಂದೇ ಅಂಕ ತೆಗೆಯುತ್ತಿದ್ದರೆಂದು ಯಾರು ತಾನೆ ಹೇಳಬಲ್ಲರು? ಹೊಸಬರು ಹೆಚ್ಚಾಗಿ ಎಡವುವ ಜಾಗ ಇದಂತೆ.

ಇನ್ನೊಂದು ಪಾಠ ನನಗೆ ಬಹಳ ಹಿಡಿಸಿತು. ಎಸ್‌ಕ್ಯೂಎಲ್‌ನಲ್ಲಿ ಬದಲಾವಣೆಯ ಆಜ್ಞೆ ಬರೆಯುವಾಗ ಯಾವ ಸಾಲುಗಳಿಗೆ ಎಂಬ ಷರತ್ತನ್ನು ಮರೆತರೆ ಕೋಷ್ಟಕದ ಪ್ರತಿಯೊಂದು ಸಾಲೂ ಬದಲಾಗಿಬಿಡುತ್ತದೆ. ಆದ್ದರಿಂದ ಅದೇ ಷರತ್ತು ಹಾಕಿ, ಮೊದಲು ಬರಿದೆ ಸಾಲುಗಳನ್ನು ಎಣಿಸಿ ನೋಡಿ ಎನ್ನುತ್ತಾಳೆ. ಇದಕ್ಕೆ ಆಕೆ ಇಟ್ಟಿರುವ ಹೆಸರು 'ಪೈಲಟ್ ರೀಡಿಂಗ್'. ಟೈಟ್ರೇಷನ್ ಮಾಡಿದವರಿಗೆ ಗೊತ್ತು, ಮೊದಲು ಒಂದು ಅಂದಾಜಿನ ಓದು, ಆಮೇಲೆ ಹನಿ ಹನಿಯಾಗಿ ನಿಖರದ್ದು. "ಬ್ಯುರೆಟ್ಟಿನಿಂದ ಬಿದ್ದ ಹನಿ ಮೇಲಕ್ಕೆ ಹೋಗಲ್ಲ. ಇಲ್ಲಿ ಮಾತ್ರ ಕಮಿಟ್ ಅನ್ನೋ ತನಕ ಹಿಂದಕ್ಕೆ ತರಬಹುದು, ಅಷ್ಟೇ ವ್ಯತ್ಯಾಸ" ಎಂದಾಗ ಇಂಜಿನಿಯರುಗಳು ನಕ್ಕರು.

ಎಲ್ಲವೂ ಲಾಭವೇ ಎಂದು ನಾನು ಹೇಳುತ್ತಿಲ್ಲ. ತನಗಿಂತ ನಾಲ್ಕು ವರ್ಷ ಚಿಕ್ಕವರ ಸಾಲಿನಲ್ಲಿ ಕೂತು ಶುರುಮಾಡಬೇಕಾಯಿತು. ಮೊದಲೆರಡು ವರ್ಷ ಸಂಬಳ ಪ್ರಯೋಗಶಾಲೆಯದಕ್ಕಿಂತ ಕಡಿಮೆ. ಸಾಲದ ಕಂತಿಗೆ ತಂದೆ ಇನ್ನೊಬ್ಬರ ಲೆಕ್ಕವನ್ನೂ ಬರೆದರು. ಹೆಸರಿನ ಹಿಂದೆ ಡಾಕ್ಟರ್ ಎಂಬುದು ಬರಲೇ ಇಲ್ಲ. ಮದುವೆ ಮನೆಗಳಲ್ಲಿ ಮಗಳೇನು ಮಾಡುತ್ತಾಳೆಂದು ಕೇಳಿದರೆ ಆ ತಂದೆ ಇಂದಿಗೂ ಒಂದೇ ಮಾತಿನಲ್ಲಿ ಹೇಳಲಾರರು. ಒಂದು ದಿನ ನಾನೇ, "ಏನಮ್ಮಾ, ಪ್ರಯೋಗಶಾಲೆ ನೆನಪಾಗುತ್ತಾ?" ಎಂದು ಕೇಳಿದೆ. "ಹರಳು ಕಟ್ಟೋದು ನೋಡದೆ ಎಷ್ಟೋ ವರ್ಷ ಆಯ್ತು ಸರ್" ಎಂದಳು. ಅದಕ್ಕೆ ಸಮಾಧಾನ ಹೇಳುವ ಮಾತು ನನ್ನ ಹತ್ತಿರ ಇರಲಿಲ್ಲ.

ಈ ದಾರಿ ಹಿಡಿಯಬೇಕೆನ್ನುವ ಮಕ್ಕಳು ದೊಡ್ಡ ಫೀಸು ತೆತ್ತೇ ಕಲಿಯಬೇಕೆಂದಿಲ್ಲ. ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್‌ನಂಥ ತಂತ್ರಾಂಶಗಳು ಉಚಿತ. ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟೆಲ್‌ನಲ್ಲಿ ಡೇಟಾಬೇಸಿನ ಪಾಠಗಳನ್ನು ಕಾಸಿಲ್ಲದೆ ಕೇಳಬಹುದು. ಪೋಷಕರಲ್ಲಿ ನನ್ನ ಕೋರಿಕೆ ಒಂದೇ. ಮಗಳು ಬಿ.ಎಸ್ಸಿ. ಓದುತ್ತಿರುವಾಗಲೇ ಅವಸರಪಟ್ಟು ಬಿಡಿಸಬೇಡಿ. ಪ್ರಯೋಗದ ರೆಕಾರ್ಡನ್ನು ಇನ್ನೊಬ್ಬರದು ನೋಡಿ ನಕಲು ಮಾಡದೆ ಬರೆಯುತ್ತಾಳೋ ಇಲ್ಲವೋ ನೋಡಿಕೊಳ್ಳಿ.

ಹೋದ ವರ್ಷ ಆಕೆ ನಮ್ಮ ಪ್ರೌಢಶಾಲೆಗೆ ಬಂದು ಒಂಬತ್ತನೆಯ ತರಗತಿಗೆ ಒಂದು ಪೀರಿಯಡ್ ತೆಗೆದುಕೊಂಡಳು. ಕಾಂಪೌಂಡಿನೊಳಗಿನ ಮರಗಳದೆಲ್ಲ ಒಂದು ಕೋಷ್ಟಕ ಮಾಡಿ ಎಂದು ಹಾಳೆ ಕೊಟ್ಟು ಕಳಿಸಿದಳು. ಒಂದೊಂದು ಮರಕ್ಕೂ ನಂಬರು, ಜಾತಿ, ಸುತ್ತಳತೆ, ಎತ್ತರ. ಮಕ್ಕಳು ತಲೆ ಕೆಡಿಸಿಕೊಂಡು ಬಂದರು. ಬಾವಿಯ ಹತ್ತಿರ ಸಿಡಿಲು ಹೊಡೆದು ಸುಳಿ ಹೋದ ತೆಂಗಿನ ಮರವೊಂದಿದೆ. ಅದು ಮರವೋ ಅಲ್ಲವೋ? ಮರವಾದರೆ 'ವರ್ಷಕ್ಕೆ ಕಾಯಿ' ಎಂದು ಹುಡುಗರು ತಾವೇ ಸೇರಿಸಿಕೊಂಡಿದ್ದ ಅಂಕಣದಲ್ಲಿ ಸೊನ್ನೆ ಹಾಕಬೇಕೋ, ಖಾಲಿ ಬಿಡಬೇಕೋ? ತರಗತಿ ಎರಡು ಪಕ್ಷವಾಯಿತು. ಬಿಸಿಯೂಟದ ಬೆಲ್ ಹೊಡೆದರೂ ವಾದ ನಿಲ್ಲಲಿಲ್ಲ.