ಬಳ್ಳಿಯಲ್ಲಿ ಮೆಣಸು, ಕಾಗದದಲ್ಲಿ ಬೆಲೆ

ತೀರ್ಥಹಳ್ಳಿ ಸೀಮೆಯ ಕವಲೇದುರ್ಗಕ್ಕೆ ಹೋಗುವ ದಾರಿ ಮೊದಲು ಗದ್ದೆಯ ಬದುವಿನ ಮೇಲೆ ಸಾಗುತ್ತದೆ. ಅನಂತರ ಕಾಡು, ಕಲ್ಲು ಹಾಸಿದ ಏರು, ಒಂದರ ಮೇಲೊಂದು ಬಾಗಿಲುಗಳು. ನೋಡಬಂದವರು ಕೋಟೆಯ ಕಲ್ಲಿಗೆ ಬೆರಗಾಗಿ ಹಿಂದಿರುಗುತ್ತಾರೆ. ಸುತ್ತಲ ತೋಟಗಳಲ್ಲಿ ಅಡಕೆಮರವನ್ನು ತಬ್ಬಿ ಏರಿದ ಮೆಣಸಿನ ಬಳ್ಳಿಯ ಕಡೆಗೆ ಅವರ ದೃಷ್ಟಿ ಹೊರಳುವುದು ಅಪೂರ್ವ. ಆದರೆ ಈ ದುರ್ಗವನ್ನು ಆಳಿದ ಕೆಳದಿಯ ನಾಯಕರಿಗೂ ಕಡಲಾಚೆಯಿಂದ ಬಂದ ಪೋರ್ಚುಗೀಸರಿಗೂ ನಂಟು ಬೆಳೆಸಿದ ಸರಕುಗಳಲ್ಲಿ ಈ ಕರಿಯ ಕಾಳೇ ಮುಖ್ಯವಾದುದು.

ನಾಯಕರ ಕಾಲ ಹೋಯಿತು. ಬೆಳೆಗಾರನ ಚಿಂತೆ ಹೋಗಲಿಲ್ಲ. ಮುಂಗಾರಿನಲ್ಲಿ ಗೆರೆ ಬಿಟ್ಟ ಬಳ್ಳಿ ಕೊಯ್ಲಿಗೆ ಬರುವುದು ಬೇಸಿಗೆಯ ಹೊಸ್ತಿಲಿನಲ್ಲಿ. ನಡುವೆ ಸೊರಗು ರೋಗದ ಭಯ. ಎಲ್ಲವನ್ನೂ ದಾಟಿ ಕಾಳು ಅಂಗಳಕ್ಕೆ ಬಂದರೂ ಅದರ ಬೆಲೆ ಅಂಗಳದಲ್ಲಿ ಹುಟ್ಟುವುದಿಲ್ಲ. ವಿಯೆಟ್ನಾಮಿನ ಬೆಳೆ ಹೆಚ್ಚಿತೆಂದರೆ ಮಲೆನಾಡಿನ ಚೀಲ ಹಗುರವಾಗುತ್ತದೆ.

ಈ ಭಯಕ್ಕೆ ಮದ್ದಾಗಿ ಹುಟ್ಟಿದುದೇ ವಾಯಿದೆ ವ್ಯಾಪಾರ. ಮುಂದೊಂದು ತಿಂಗಳಿನಲ್ಲಿ ಕೊಡುವ ಸರಕಿಗೆ ಇಂದೇ ಬೆಲೆ ಗೊತ್ತುಮಾಡುವುದು ಇದರ ತಿರುಳು. ಇದನ್ನು ಹದ್ದಿನಲ್ಲಿಡಲು 1952ರಲ್ಲಿ ಕಾಯಿದೆ ಬಂದಿತು. 1957ರಲ್ಲಿ ಕೊಚ್ಚಿಯ ವರ್ತಕರ ಸಂಘವು ಮೆಣಸಿನ ವಾಯಿದೆಯನ್ನು ಆರಂಭಿಸಿತು. 2003ರ ಅನಂತರ ಮುಂಬಯಿಯ ವಿನಿಮಯ ಕೇಂದ್ರಗಳು ಅದನ್ನು ಯಂತ್ರದ ಪರದೆಯ ಮೇಲೆ ತಂದು, ಊರೂರಿನ ಮನೆಬಾಗಿಲಿಗೆ ಮುಟ್ಟಿಸಿದವು.

ದುರ್ಗದ ಬುಡದ ಒಬ್ಬ ತೋಟಿಗನನ್ನು ಓದುಗರು ಊಹಿಸಿಕೊಳ್ಳಬಹುದು. ಒಂದು ಟನ್ನು ಮೆಣಸು ಕೈಗೆ ಬರುವ ಅಂದಾಜು; ಬೇಸಿಗೆಯಲ್ಲಿ ಮಗಳ ಮದುವೆ. ಆತನು ಕಾರ್ತಿಕದಲ್ಲೇ ಕಿಲೋಗೆ 400 ರೂಪಾಯಿಯಂತೆ ಒಂದು ಟನ್ನನ್ನು ವಾಯಿದೆಯಲ್ಲಿ ಮಾರಿ, ಠೇವಣಿ ಕಟ್ಟಿ ನಿಶ್ಚಿಂತನಾದನು. ತಿಂಗಳೊಳಗೆ ಬೆಲೆ 440ಕ್ಕೆ ಏರಿತು. ವಾಯಿದೆಯ ಲೆಕ್ಕ ಕೊಯ್ಲಿಗೆ ಕಾಯುವುದಿಲ್ಲ. ಏರಿಳಿತದ ವ್ಯತ್ಯಾಸವನ್ನು ದಿನದಿನವೂ ನಗದಿನಲ್ಲಿ ತೀರಿಸಬೇಕು. 40,000 ರೂಪಾಯಿ ತರಬೇಕೆಂದು ದಲ್ಲಾಳಿಯ ಕರೆ ಬಂದಿತು. ಬಳ್ಳಿಯ ಮೇಲಿನ ಮೆಣಸಿಗೂ ಅಷ್ಟೇ ಬೆಲೆ ಏರಿದುದೇನೋ ನಿಜ; ಆದರೆ ಹಸಿ ಗೊಂಚಲನ್ನು ಒತ್ತೆಯಿಟ್ಟು ಒಂದೇ ದಿನದಲ್ಲಿ ಹಣ ತರುವುದೆಲ್ಲಿಂದ? ಒಪ್ಪಂದ ಅಲ್ಲಿಗೇ ಮುಗಿಯಿತು. ಕಟ್ಟಿದ ಠೇವಣಿಯೂ ಸಾಲದೆ ಕೈಗಡ ತಂದು ನಷ್ಟ ತುಂಬಿದನು. ಕೊಯ್ಲಿನ ಹೊತ್ತಿಗೆ ಬೆಲೆ 380ಕ್ಕೆ ಇಳಿಯಿತು. ತಡೆದು ನಿಂತಿದ್ದರೆ 400 ಸಿಗುತ್ತಿತ್ತು. ಈಗ ನಷ್ಟ ಕಳೆದು ಉಳಿದುದು 340. ಆತನ ಲೆಕ್ಕ ತಪ್ಪಿರಲಿಲ್ಲ. ತಪ್ಪಿದುದು ಪೆಟ್ಟಿಗೆಯಲ್ಲಿ ಇರಬೇಕಾಗಿದ್ದ ನಗದು.

ಇದೇ ತೋಟಿಗನಿಗೆ ಬೆಂಗಳೂರಿನಲ್ಲಿ ಒಬ್ಬ ಭಾವಮೈದುನನಿದ್ದಾನೆನ್ನಿ. ಸಂಬಳದ ಉಳಿತಾಯದಿಂದ ಆತನೂ ಮೆಣಸು ಕೊಳ್ಳುತ್ತಾನೆ; ಅಡಿಗೆಮನೆಯ ಡಬ್ಬಿಯ ಹೊರತು ಅವನ ಮನೆಯಲ್ಲಿ ಮೆಣಸೇ ಇಲ್ಲ. ಇಂಥವರಿಲ್ಲದೆ ವಾಯಿದೆ ಪೇಟೆಯೂ ನಡೆಯದು. ಬೆಳೆಗಾರನು ಕೆಳಗಿಳಿಸಿದ ಭಯವನ್ನು ಯಾರಾದರೂ ಹೊರಬೇಕಷ್ಟೆ. ಆದರೆ ತಾನು ಕೊಂಡದ್ದು ಮೆಣಸನ್ನಲ್ಲ, ಇನ್ನೊಬ್ಬರ ಭಯವನ್ನು ಎಂಬುದು ಆತನಿಗೆ ತಿಳಿದಿರಬೇಕು.

ಕಾಗದದ ಹಿಂದೆ ಕಾಳಿರಬೇಕು. ಆ ಕಾಳೂ ಶುದ್ಧವಾಗಿರಬೇಕು. 2012ರ ಕೊನೆಗೆ ಕೇರಳದ ಗೋದಾಮುಗಳಲ್ಲಿ ವಾಯಿದೆಗಾಗಿ ಇಟ್ಟಿದ್ದ ಸಾವಿರಾರು ಟನ್ನು ಮೆಣಸಿಗೆ, ಖನಿಜ ತೈಲ ಸವರಿದೆಯೆಂಬ ದೂರಿನ ಮೇಲೆ, ಅಧಿಕಾರಿಗಳು ಮುದ್ರೆ ಹಾಕಿದರು. ಮರುವರ್ಷ ಆ ಪೇಟೆಯಲ್ಲಿ ಮೆಣಸಿನ ವಾಯಿದೆಯೇ ನಿಂತಿತು. ಸರಕುಗಳ ವಾಯಿದೆಯ ಮೇಲ್ವಿಚಾರಣೆ 2015ರಲ್ಲಿ ಸೆಬಿಯ ಕೈಸೇರಿತು.

ಕೋಟೆ ಕಟ್ಟಿದವರು ಗೋಡೆಯೊಂದನ್ನೇ ನೆಚ್ಚಲಿಲ್ಲ. ಬೆಟ್ಟದ ಮೇಲೆ ಕೆರೆಗಳನ್ನೂ ತೋಡಿಸಿದರು. ಮುತ್ತಿಗೆಯ ದಿನಗಳಲ್ಲಿ ಕಾಯುವುದು ಗೋಡೆಯಾದರೂ ಬದುಕಿಸುವುದು ನೀರು. ವಾಯಿದೆಯೂ ಒಂದು ಗೋಡೆಯೇ. ಅದರೊಳಗೆ ಹೊಕ್ಕುವವನು ಮೊದಲು ತನ್ನ ಕೆರೆಯಲ್ಲಿ ನೀರೆಷ್ಟಿದೆಯೆಂದು ನೋಡಿಕೊಳ್ಳುವುದು ಲೇಸು.